‘ಸಿಸ್ಟಮ್ ತಗೊಳ್ತಾ ಇಲ್ಲ’: ಯಂತ್ರಗಳ ಬಗ್ಗೆ ಬರೆಯುವವರ ಜತೆ ಒಂದಿಷ್ಟು ಮಾತು

(ಮಂಗಳೂರಿನಲ್ಲಿ, ಕೈಪಿಡಿ ಬರೆಯುವ ಕೆಲಸದಲ್ಲಿರುವವರು ಮತ್ತು ಆ ಕೆಲಸಕ್ಕೆ ಬರಬೇಕೆಂದಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

“ಸಿಸ್ಟಮ್ ತಗೊಳ್ತಾ ಇಲ್ಲ.” ಈ ಮಾತು ಕೇಳದವರು ಇಲ್ಲಿ ಯಾರಾದರೂ ಇದ್ದೀರಾ? ಇದ್ದರೆ ಕೈ ಎತ್ತಿ. ಯಾರೂ ಎತ್ತಲಿಲ್ಲ. ಒಳ್ಳೆಯದಾಯಿತು, ನನ್ನ ಅರ್ಧ ಕೆಲಸ ಮುಗಿಯಿತು. ಬ್ಯಾಂಕಿನಲ್ಲಿ ಹೆಸರಿನ ಸ್ಪೆಲ್ಲಿಂಗ್ ಸರಿ ಮಾಡಿಸಲು ಹೋದರೆ ಸಿಸ್ಟಮ್ ತಗೊಳ್ಳುವುದಿಲ್ಲ. ಬಿಲ್ ಕಟ್ಟಲು ಹೋದರೆ ಸರ್ವರ್ ಬಿಡುವುದಿಲ್ಲ. ರೇಷನ್ ಅಂಗಡಿಯಲ್ಲಿ ಮಿಷನ್ ಬೆರಳು ಒಪ್ಪುವುದಿಲ್ಲ. ಕೌಂಟರಿನಲ್ಲಿ ಕೂತವರಿಗೆ ನಮ್ಮ ಮೇಲೆ ದ್ವೇಷ ಏನೂ ಇಲ್ಲ. ಅವರೂ ಕೈ ಚೆಲ್ಲಿ ಕೂತಿರುತ್ತಾರೆ. ಸಿಸ್ಟಮ್‌ಗೇ ಮನಸ್ಸಿಲ್ಲ ಅಂದಮೇಲೆ ಎಂತ ಮಾಡುವುದು ಮಾರಾಯ್ರೆ?

ಆಡುವ ಮಾತಿನಲ್ಲಿ ಇದೆಲ್ಲ ಇರಲಿ. ಆಯುಧಪೂಜೆಯ ದಿನ ಲೇತಿಗೂ ಬಸ್ಸಿಗೂ ಹೂ ಹಾಕಿ ಕೈ ಮುಗಿಯುವವರು ನಾವು. “ಬೈಕು ಪೆಟ್ರೋಲ್ ಕುಡಿಯುತ್ತದೆ” ಅಂದರೆ ಯಾರಿಗೂ ನಷ್ಟ ಇಲ್ಲ. ನನ್ನ ತಕರಾರು ಇರುವುದು ಬರವಣಿಗೆಯ ಬಗ್ಗೆ. ಕೈಪಿಡಿ, ಸ್ಕ್ರೀನಿನ ಮೇಲೆ ಬರುವ ಸಂದೇಶ, ಅಪಘಾತದ ವರದಿ, ಪತ್ರಿಕೆಯ ತಂತ್ರಜ್ಞಾನ ಸುದ್ದಿ, ಇಂಥವು. ಇಲ್ಲಿ ಯಂತ್ರಕ್ಕೆ ಮನಸ್ಸು ಕೊಟ್ಟು ಬರೆದರೆ ಓದುವವರಿಗೆ ಎರಡು ವಿಷಯ ತಪ್ಪಿಹೋಗುತ್ತವೆ. ಒಳಗೆ ನಿಜವಾಗಿ ನಡೆದದ್ದು ಏನು? ಹಾಗೆ ನಡೆಯಲಿ ಅಂತ ಮೊದಲೇ ತೀರ್ಮಾನ ಮಾಡಿದವರು ಯಾರು? ಮೊದಲನೆಯದನ್ನು ಹೇಗೋ ಕಂಡುಕೊಳ್ಳಬಹುದು. ಎರಡನೆಯದು ವಾಕ್ಯದಿಂದ ಹೊರಗೆ ಹೋಯಿತು ಅಂದರೆ ಮತ್ತೆ ಹುಡುಕುವುದು ಕಷ್ಟ.

ಬೆರಳಿನ ಉದಾಹರಣೆಯನ್ನೇ ಬಿಡಿಸಿ ನೋಡುವಾ. ಸಾಧನದ ಮೇಲೆ ಬೆರಳು ಇಟ್ಟಾಗ ಅದರ ಗೆರೆಗಳ ಚಿತ್ರ ಬರುತ್ತದೆ. ಗೆರೆ ಎಲ್ಲಿ ಕವಲಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬ ಗುರುತುಗಳನ್ನು ಸಾಫ್ಟ್‌ವೇರ್ ತೆಗೆಯುತ್ತದೆ. ಅವನ್ನು ಆಧಾರ್ ಮಾಡಿಸಿದ ದಿನ ಇಟ್ಟುಕೊಂಡ ಗುರುತುಗಳ ಜತೆ ಹೋಲಿಸುತ್ತಾರೆ. ಎರಡು ಸಲ ಇಟ್ಟ ಒಂದೇ ಬೆರಳು ನೂರಕ್ಕೆ ನೂರು ಹೊಂದುವುದೇ ಇಲ್ಲ. ಹಾಗಾಗಿ ಇಷ್ಟು ಹೊಂದಿದರೆ ಸಾಕು ಅಂತ ಒಂದು ಮಟ್ಟ ಇಟ್ಟಿರುತ್ತಾರೆ. ಅದಕ್ಕಿಂತ ಮೇಲೆ ಬಂದರೆ ಹೌದು, ಕೆಳಗೆ ಬಂದರೆ ಇಲ್ಲ. ಮಟ್ಟ ಜಾಸ್ತಿ ಬಿಗಿ ಮಾಡಿದರೆ ನಿಜವಾದ ಮನುಷ್ಯನೇ ಹೊರಗೆ ಉಳಿಯುತ್ತಾನೆ. ಸಡಿಲ ಮಾಡಿದರೆ ಬೇರೆಯವನು ಒಳಗೆ ಬರುತ್ತಾನೆ. ಎಲ್ಲಿ ಇಡಬೇಕು ಅಂತ ಯಾರೋ ಮನುಷ್ಯರೇ ಕೂತು ತೀರ್ಮಾನಿಸಿದ್ದಾರೆ.

ಈಗ ನಮ್ಮ ಜಿಲ್ಲೆಗಳ ಕೈಗಳನ್ನು ನೆನಪು ಮಾಡಿಕೊಳ್ಳಿ. ವರ್ಷಗಟ್ಟಲೆ ಬೀಡಿ ಕಟ್ಟಿದ ಬೆರಳು. ಬಂದರಿನಲ್ಲಿ ಐಸ್ ಮತ್ತು ಉಪ್ಪುನೀರಿನ ನಡುವೆ ಮೀನು ವಿಂಗಡಿಸುವ ಹೆಂಗಸರ ಬೆರಳು. ಅಡಿಕೆ ಸುಲಿಯುವವರು, ಕಲ್ಲು ಹೊರುವವರು, ವಯಸ್ಸಾದವರು. ಗೆರೆ ಸವೆದಿರುತ್ತದೆ. “ಮಿಷನ್ ಒಪ್ಪಲಿಲ್ಲ” ಎಂಬ ವಾಕ್ಯದಲ್ಲಿ ಆ ಮಟ್ಟವೂ ಇಲ್ಲ, ಅದನ್ನು ಇಟ್ಟವರೂ ಇಲ್ಲ. ಉಳಿಯುವುದು ಯಂತ್ರ ಮತ್ತು ಆ ಹೆಂಗಸು, ಇಬ್ಬರೇ. ಯಂತ್ರ ತಪ್ಪು ಮಾಡುವುದಿಲ್ಲ ಅಂತ ಊರಿಡೀ ನಂಬಿರುವಾಗ ತಪ್ಪು ಯಾರದ್ದಾಗುತ್ತದೆ? “ನನ್ನ ಬೆರಳೇ ಸರಿ ಇಲ್ಲ” ಅಂತ ಅವರೇ ಹೇಳಿಕೊಂಡು ಮನೆಗೆ ಹೋಗುತ್ತಾರೆ.

ಅದೇ ಸ್ಕ್ರೀನಿನ ಮೇಲೆ ಹೀಗೆ ಬಂದರೆ? “ಬೆರಳಿನ ಗೆರೆಗಳು ದಾಖಲೆಯಲ್ಲಿರುವ ಗೆರೆಗಳಿಗೆ ಸಾಕಷ್ಟು ಹೊಂದಲಿಲ್ಲ. ಬೆರಳು ಒರೆಸಿ ಇನ್ನೊಮ್ಮೆ ಇಡಿ, ಅಥವಾ ಬೇರೆ ಬೆರಳು ಇಡಿ.” ಅದರ ಕೆಳಗೆ, ಕಣ್ಣಿನ ಸ್ಕ್ಯಾನ್, ಒಟಿಪಿ, ಆ ಜಾಗದಲ್ಲಿ ಇನ್ಯಾವ ದಾರಿ ಇದೆಯೋ ಅದು. ಉದ್ದ ಆಯಿತು, ನಿಜ. ಆದರೆ ಈಗ ಅಂಗಡಿಯವರಿಗೂ ಮುಂದೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆ.

“ಇದೆಲ್ಲ ಸುಮ್ನೆ ಮಾತಿನ ರೀತಿ, ಯಂತ್ರಕ್ಕೆ ಮನಸ್ಸಿಲ್ಲ ಅಂತ ಯಾರಿಗೆ ಗೊತ್ತಿಲ್ಲ?” ಅಂತ ನೀವು ಕೇಳಬಹುದು. ತಾಳಮದ್ದಳೆಗೆ, ಅಂದರೆ ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಹೋದವರಿಗೆ ಈ ವಾದ ಚೆನ್ನಾಗಿ ಅರ್ಥ ಆಗುತ್ತದೆ. ಬಿಳಿ ಪಂಚೆ, ಶಾಲು ಹೊದ್ದು ಕೂತವರು “ನಾನು ಕೌರವ” ಅಂದಾಗ ಎದುರಿಗಿದ್ದವರು ಯಾರೂ ಮೋಸ ಹೋಗುವುದಿಲ್ಲ. ಅರ್ಥ ಹೇಳುತ್ತಿರುವವರು ಯಾರು ಅಂತ ಗೊತ್ತಿದ್ದೇ ಆ ರುಚಿ. ಕೈಪಿಡಿ ಓದುವವನ ಸ್ಥಿತಿ ಹಾಗಲ್ಲ. ಒಳಗೆ ಏನಿದೆ ಅಂತ ಗೊತ್ತಿಲ್ಲದ್ದಕ್ಕೇ ಅವನು ಕೈಪಿಡಿ ತೆರೆದದ್ದು. ಅವನಿಗೆ ಯಾವುದು ಅಲಂಕಾರ, ಯಾವುದು ವಿಷಯ ಅಂತ ಬೇರೆ ಮಾಡುವ ದಾರಿಯೇ ಇಲ್ಲ.

ಮಲ್ಪೆಯ ಬೋಟುಗಳಲ್ಲಿ ಇರುವ ಫಿಶ್ ಫೈಂಡರ್ ತೆಗೆದುಕೊಳ್ಳಿ. “ಈ ಸಾಧನ ಮೀನನ್ನು ಗುರುತಿಸುತ್ತದೆ” ಅಂತ ಬರೆದರೆ ಸಾಕಲ್ವಾ? ಸಾಕಾಗುವುದಿಲ್ಲ. ಅದು ನೀರಿನೊಳಗೆ ಶಬ್ದದ ಮಿಡಿತ ಕಳಿಸುತ್ತದೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಮಾರ್ದನಿ 0.04 ಸೆಕೆಂಡಿನಲ್ಲಿ ವಾಪಸ್ ಬಂತು ಅಂದರೆ ಹೋಗಿ ಬಂದ ದೂರ 60 ಮೀಟರ್, ಆಳ 30 ಮೀಟರ್. ಮೀನಿನ ಹೊಟ್ಟೆಯಲ್ಲಿರುವ ಗಾಳಿಚೀಲ ಶಬ್ದವನ್ನು ಚೆನ್ನಾಗಿ ಹಿಂದಕ್ಕೆ ಕಳಿಸುತ್ತದೆ. ಶಾರ್ಕಿಗೆ ಗಾಳಿಚೀಲ ಇಲ್ಲ, ಹಾಗಾಗಿ ಮೈ ದೊಡ್ಡದಿದ್ದರೂ ಗುರುತು ತೆಳು. ಪ್ರೊಪೆಲ್ಲರ್ ಎಬ್ಬಿಸಿದ ಗುಳ್ಳೆಗಳಲ್ಲಿಯೂ ಗಾಳಿಯೇ ಇರುವುದು, ಅವೂ ತೆರೆಯ ಮೇಲೆ ದಟ್ಟವಾಗಿ ಬರುತ್ತವೆ. ಅನುಭವ ಇರುವ ತಾಂಡೇಲರು, ಅಂದರೆ ಬೋಟು ನಡೆಸುವವರು, ಗುರುತಿನ ಆಕಾರ ನೋಡಿ ಯಾವುದು ಎಂತದು ಅಂತ ಹೇಳುತ್ತಾರೆ. ಗುರುತಿಸುವ ಕೆಲಸ ಮಾಡುತ್ತಿರುವುದು ಅವರು. ಸಾಧನ ಮಾರ್ದನಿ ತೋರಿಸುತ್ತದೆ, ಅಷ್ಟೇ. ಹೊಸಬನ ಕೈಗೆ “ಗುರುತಿಸುತ್ತದೆ” ಎಂಬ ಕೈಪಿಡಿ ಕೊಟ್ಟರೆ ಅವನು ಗುಳ್ಳೆಗೆ ಬಲೆ ಬಿಟ್ಟು ಡೀಸೆಲ್ ಕಳೆದುಕೊಳ್ಳುತ್ತಾನೆ.

ಡೀಸೆಲ್ ಹೋದರೆ ಹೋಯಿತು. ಜೀವ ಹೋದ ಕಡೆ ಇದೇ ವಿಷಯ ಇನ್ನೂ ಗಂಭೀರ.

2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ಎಂಬ ಊರಿನಲ್ಲಿ, ಊಬರ್ ಕಂಪನಿ ಪರೀಕ್ಷೆಗೆ ಬಿಟ್ಟಿದ್ದ ಚಾಲಕರಹಿತ ವ್ಯವಸ್ಥೆಯ ಕಾರು ಒಬ್ಬ ಮಹಿಳೆಗೆ ಬಡಿಯಿತು. ಅವರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ತೀರಿಕೊಂಡರು. ಇಂಥ ಸುದ್ದಿ ಕೇಳಿದಾಗ ನಮ್ಮ ಬಾಯಿಗೆ ಮೊದಲು ಬರುವ ವಾಕ್ಯ ಯಾವುದು? “ಕತ್ತಲಲ್ಲಿ ಕಾರಿಗೆ ಕಾಣಲಿಲ್ಲ.” ಮನುಷ್ಯ ಚಾಲಕನಿಗೆ ಕಾಣದೆ ಹೋಗುತ್ತದಲ್ಲ, ಹಾಗೆ. ಕೇಳಿದ ಕೂಡಲೇ ಒಂಥರಾ ಸಮಾಧಾನ ಆಗಿಬಿಡುತ್ತದೆ.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿದಾಗ ಸಿಕ್ಕಿದ ಚಿತ್ರ ಪೂರ್ತಿ ಬೇರೆ. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಸೆನ್ಸರ್‌ಗಳಲ್ಲಿ ಅವರು ದಾಖಲಾಗಿದ್ದರು. ಸಾಫ್ಟ್‌ವೇರ್ ಅವರನ್ನು ಒಮ್ಮೆ ವಾಹನ, ಒಮ್ಮೆ ‘ಇತರೆ’, ಒಮ್ಮೆ ಸೈಕಲ್ ಅಂತ ವಿಂಗಡಿಸುತ್ತಾ ಹೋಯಿತು. ಒಂದೊಂದು ಸಲ ವಿಂಗಡಣೆ ಬದಲಾದಾಗಲೂ ಅಲ್ಲಿಯ ತನಕದ ಚಲನೆಯ ಲೆಕ್ಕ ಕೈಬಿಟ್ಟು ಹೊಸದಾಗಿ ಶುರು. ಹಾಗಾಗಿ ಅವರು ಯಾವ ಕಡೆ ಹೋಗುತ್ತಿದ್ದಾರೆ ಎಂಬ ಅಂದಾಜು ಸರಿಯಾಗಿ ಕಟ್ಟಲೇ ಇಲ್ಲ. ಜೀಬ್ರಾ ಪಟ್ಟಿ ಇಲ್ಲದ ಕಡೆ ಜನ ರಸ್ತೆ ದಾಟಬಹುದು ಎಂಬ ಸಾಧ್ಯತೆಯನ್ನೇ ವಿನ್ಯಾಸದಲ್ಲಿ ಸೇರಿಸಿರಲಿಲ್ಲ. (ನಮ್ಮ ಮಂಗಳೂರಿನ ಪಂಪ್‌ವೆಲ್ ಸರ್ಕಲ್‌ನಲ್ಲಿ ರಸ್ತೆ ದಾಟಿದವರು ಯಾರಾದರೂ ಆ ತಂಡದಲ್ಲಿ ಇದ್ದಿದ್ದರೆ ಸೇರಿಸುತ್ತಿದ್ದರು.) ಅಪಾಯ ಹತ್ತಿರ ಬಂತು ಎಂಬ ಲೆಕ್ಕ ಬಂದ ಮೇಲೂ, ಸುಮ್ಮಸುಮ್ಮನೆ ಬ್ರೇಕ್ ಬೀಳಬಾರದು ಅಂತ ಒಂದು ಸೆಕೆಂಡ್ ತಡೆ ಇಟ್ಟಿದ್ದರು. ವೋಲ್ವೋ ಕಾರಿನಲ್ಲಿ ಮೂಲದಲ್ಲೇ ಇದ್ದ ತುರ್ತು ಬ್ರೇಕಿಂಗ್, ಈ ವ್ಯವಸ್ಥೆ ಚಾಲೂ ಇದ್ದಾಗ ಬಂದ್. ಸ್ಟಿಯರಿಂಗ್ ಹಿಂದೆ ನಿಗಾ ಇಡಲು ಕೂತಿದ್ದವರ ಕಣ್ಣು ಮೊಬೈಲ್ ಮೇಲೆ.

ಎಷ್ಟು ಜನರ ಎಷ್ಟು ತೀರ್ಮಾನಗಳು ನೋಡಿ. “ಕಾರಿಗೆ ಕಾಣಲಿಲ್ಲ” ಎಂಬ ಎರಡೇ ಪದ ಇವಿಷ್ಟನ್ನೂ ಮುಚ್ಚಿಬಿಡುತ್ತವೆ.

ಬೋಯಿಂಗ್ 737 ಮ್ಯಾಕ್ಸ್ ವಿಷಯವೂ ಹಾಗೇ. ಈ ವಿಮಾನ ಬಿದ್ದು 2018ರ ಅಕ್ಟೋಬರಿನಲ್ಲಿ ಇಂಡೋನೇಷ್ಯಾದಲ್ಲಿ 189 ಜನ, 2019ರ ಮಾರ್ಚಿನಲ್ಲಿ ಇಥಿಯೋಪಿಯಾದಲ್ಲಿ 157 ಜನ ತೀರಿಕೊಂಡರು. “ಮೂತಿ ಜಾಸ್ತಿ ಮೇಲೆದ್ದಿದೆ ಅಂತ ವಿಮಾನ ತಪ್ಪು ತಿಳಿದುಕೊಂಡಿತು” ಅಂತ ಬರೆಯುವುದು ಸುಲಭ. ನಡೆದದ್ದು ಇದು: ಎಂಕ್ಯಾಸ್ ಎಂಬ ಸಾಫ್ಟ್‌ವೇರ್, ಎದುರು ಗಾಳಿಗೆ ಮೂತಿ ಎಷ್ಟು ಎದ್ದಿದೆ ಅಂತ ಅಳೆಯುವ ಎರಡು ಸೆನ್ಸರ್‌ಗಳಲ್ಲಿ ಒಂದರ ಅಳತೆಯನ್ನು ಮಾತ್ರ ತೆಗೆದುಕೊಳ್ಳುವ ಹಾಗೆ ಕಟ್ಟಿದ್ದರು. ಆ ಒಂದರ ಅಳತೆ ತಪ್ಪಾದಾಗ ಅದು ವಿಮಾನದ ಮೂತಿಯನ್ನು ಮತ್ತೆ ಮತ್ತೆ ಕೆಳಗೆ ಒತ್ತಿತು. ಮೊದಲ ಅಪಘಾತದ ತನಕ ಪೈಲಟ್‌ಗಳ ಕೈಪಿಡಿಯಲ್ಲಿ ಎಂಕ್ಯಾಸ್‌ನ ವಿವರಣೆ ಇರಲಿಲ್ಲ. ನಮ್ಮ ವೃತ್ತಿಯವರು ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಬೇಕು.

ಈ ಜಗಳ ಹೊಸದೇನಲ್ಲ. ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ಡಚ್ ಗಣಕ ವಿಜ್ಞಾನಿ 1988ರಲ್ಲೇ ಇದರ ಬಗ್ಗೆ ಖಾರವಾಗಿ ಬರೆದರು. ‘ಬಗ್’ ಅನ್ನಬೇಡಿ, ‘ತಪ್ಪು’ ಅನ್ನಿ ಎಂಬುದು ಅವರ ವಾದ. ಬಗ್ ಅಂದರೆ ನಾವು ನೋಡದಿದ್ದಾಗ ಎಲ್ಲಿಂದಲೋ ಹುಳ ಬಂದು ಸೇರಿಕೊಂಡ ಹಾಗೆ. ತಪ್ಪು ಅಂದರೆ ಬರೆದವನದ್ದು. ಪ್ರೋಗ್ರಾಂಗೆ ಬೇಕು, ಪ್ರೋಗ್ರಾಂಗೆ ಗೊತ್ತು ಎಂಬ ಮಾತುಗಳಿಂದ ವಿನಾಕಾರಣ ಗೊಂದಲ ಆಗುತ್ತದೆ ಅಂತಲೂ ಅವರು ಹೇಳಿದ್ದರು. ನಾನು ಅವರಷ್ಟು ಕಟ್ಟುನಿಟ್ಟಿನವನಲ್ಲ. ಬಗ್ ಎಂಬ ಪದ ಇನ್ನು ಹೋಗುವುದಿಲ್ಲ. ‘ಮೆಮರಿ’ ಅಂದಾಗ ಯಾರೂ ಬಾಲ್ಯದ ನೆನಪು ಅಂದುಕೊಳ್ಳುವುದಿಲ್ಲ. ಡಿಸ್ಕಿನಿಂದ ‘ಓದುವುದು’, ಡಿಸ್ಕಿಗೆ ‘ಬರೆಯುವುದು’ ಕೂಡ ಹಾಗೇ. ಅವುಗಳ ಹಿಂದೆ ಬಿದ್ದು ಸಮಯ ಹಾಳು ಮಾಡಬೇಡಿ. ಓದುಗ ತಪ್ಪು ಕೆಲಸ ಮಾಡುವ ಹಾಗೆ ಮಾಡುವ ಪದ, ಇಲ್ಲವೇ ಒಬ್ಬರ ಹೊಣೆಯನ್ನು ಮರೆಮಾಡುವ ಪದ, ಅಂಥದ್ದರ ಮೇಲೆ ಕಣ್ಣಿಡಿ.

ಈಗ ಎಲ್ಲರೂ ಕಾಯುತ್ತಿರುವ ವಿಷಯಕ್ಕೆ ಬರುತ್ತೇನೆ, ಎಐ.

1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಗಣಕ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಪ್ರೋಗ್ರಾಂ ಬಗ್ಗೆ ಪ್ರಬಂಧ ಪ್ರಕಟಿಸಿದರು. ನೀವು ಟೈಪ್ ಮಾಡಿದ ವಾಕ್ಯದಲ್ಲಿ ಕೆಲವು ಪದ ಹುಡುಕುವುದು, ‘ನಾನು’ ಇದ್ದಲ್ಲಿ ‘ನೀವು’ ಹಾಕುವುದು, ಅದನ್ನೇ ಪ್ರಶ್ನೆ ಮಾಡಿ ವಾಪಸ್ ಕೊಡುವುದು, ಅದರ ಕೆಲಸ ಅಷ್ಟೇ. ‘ಅಮ್ಮ’ ಅಂತ ಬಂದರೆ “ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಹೇಳಿ” ಅನ್ನುವ ಥರ. ವೈಜೆನ್‌ಬಾಮ್ ಅದನ್ನು ತಯಾರಿಸುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರ ಕಾರ್ಯದರ್ಶಿಯೇ, ಅದರ ಜತೆ ಸ್ವಲ್ಪ ಹೊತ್ತು ಟೈಪ್ ಮಾಡಿದ ಮೇಲೆ “ನೀವು ಸ್ವಲ್ಪ ಹೊರಗೆ ಹೋಗ್ತೀರಾ” ಅಂತ ಕೇಳಿದರಂತೆ. ಖಾಸಗಿ ಮಾತಲ್ವಾ! ವೈಜೆನ್‌ಬಾಮ್ ಇದನ್ನು ನೋಡಿ ಗಾಬರಿಯಾದರು. ಆಮೇಲೆ ಬದುಕಿಡೀ ಇದರ ವಿರುದ್ಧ ಎಚ್ಚರಿಸುತ್ತಾ ಹೋದರು.

ಇವತ್ತಿನ ಭಾಷಾ ಮಾದರಿಗಳು, ಅಂದರೆ ಚಾಟ್‌ಜಿಪಿಟಿಯಂಥವುಗಳ ಒಳಗಿರುವ ಸಾಫ್ಟ್‌ವೇರ್‌ಗಳು, ಎಲೈಜಾಗಿಂತ ಬಹಳ ದೊಡ್ಡವು, ಕೆಲಸವೂ ತುಂಬಾ ಚೆನ್ನಾಗಿ ಮಾಡುತ್ತವೆ. ಈವರೆಗಿನ ಪಠ್ಯದ ಮುಂದೆ ಯಾವ ಪದ, ಯಾವ ತುಣುಕು ಬರುವ ಸಂಭವ ಎಷ್ಟು ಅಂತ ಲೆಕ್ಕ ಹಾಕಿ ಒಂದೊಂದೇ ಸೇರಿಸುತ್ತಾ ಹೋಗುವುದು ಅವುಗಳ ರೀತಿ. ಆ ಲೆಕ್ಕದ ಒಳಗೆ ‘ತಿಳಿವಳಿಕೆ’ ಅನ್ನಬಹುದಾದದ್ದು ಇದೆಯೋ ಇಲ್ಲವೋ ಎಂಬ ಚರ್ಚೆಯನ್ನು ತತ್ವಶಾಸ್ತ್ರದವರಿಗೆ ಬಿಡುವಾ. ಕೈಪಿಡಿ ಬರೆಯುವವನು ಆ ಚರ್ಚೆ ಮುಗಿಯುವ ತನಕ ಕಾಯಬೇಕಾಗಿಲ್ಲ. ಅವನಿಗೆ ಬೇಕಾದದ್ದು, ಓದುಗ ಈ ಉತ್ತರವನ್ನು ಎಷ್ಟು ನಂಬಬಹುದು ಎಂಬುದು.

ಅದಕ್ಕೇ ‘ಭ್ರಮೆ’ ಎಂಬ ಪದ ನನಗೆ ಹಿಡಿಸುವುದಿಲ್ಲ. ಎಐ ಇಲ್ಲದ್ದನ್ನು ಬರೆದಾಗ “ಅದಕ್ಕೆ ಭ್ರಮೆ ಆಯಿತು” ಅನ್ನುತ್ತಾರೆ. ಜ್ವರ ಬಂದಾಗ ಬಡಬಡಿಸುವವನು ಜ್ವರ ಬಿಟ್ಟ ಮೇಲೆ ಸರಿಯಾಗುತ್ತಾನೆ. ಇಲ್ಲಿ ಹಾಗಲ್ಲ. ಸರಿಯಾದ ಉತ್ತರ ಬಂದದ್ದೂ ಅದೇ ಲೆಕ್ಕದಿಂದ, ತಪ್ಪು ಉತ್ತರ ಬಂದದ್ದೂ ಅದೇ ಲೆಕ್ಕದಿಂದ. “ತಪ್ಪು ಮಾಹಿತಿ ಬರಬಹುದು, ಮೂಲದ ಜತೆ ಹೋಲಿಸಿ ನೋಡಿ” ಅಂತ ಬರೆದರೆ ಓದುಗನಿಗೆ ಕೆಲಸ ಸಿಗುತ್ತದೆ. “ಭ್ರಮೆ ಆಗಬಹುದು” ಅಂದರೆ ಅಯ್ಯೋ ಪಾಪ ಅನಿಸುತ್ತದೆ.

2023ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ವಿಮಾನ ಕಂಪನಿಯ ವಿರುದ್ಧದ ಕೇಸಿನಲ್ಲಿ ವಕೀಲರು ಹಳೆಯ ತೀರ್ಪುಗಳನ್ನು ಉಲ್ಲೇಖಿಸಿದರು. ಅವುಗಳಲ್ಲಿ ಹಲವು ಅಸ್ತಿತ್ವದಲ್ಲೇ ಇರಲಿಲ್ಲ, ಚಾಟ್‌ಜಿಪಿಟಿಯಲ್ಲಿ ಬಂದವು. ನ್ಯಾಯಾಲಯ 5,000 ಡಾಲರ್ ದಂಡ ಹಾಕಿತು. ಇದರಲ್ಲಿ ನನಗೆ ಮುಖ್ಯ ಅನಿಸುವುದು ಬೇರೆ ಒಂದು ವಿವರ. ವಕೀಲರು ಈ ತೀರ್ಪುಗಳು ನಿಜವೇ ಅಂತ ಚಾಟ್‌ಜಿಪಿಟಿಯನ್ನೇ ಕೇಳಿದ್ದರು. ಹೌದು ಅಂತ ಉತ್ತರ ಬಂತು. ಆಫೀಸಿನ ಜೂನಿಯರ್ ಹತ್ತಿರ “ಸರಿಯಾಗಿ ನೋಡಿದ್ದೀಯಾ ಮಾರಾಯ” ಅಂತ ಕೇಳುವ ಹಾಗೆ. ‘ಕೇಳುವುದು’, ‘ಹೇಳುವುದು’, ‘ಒಪ್ಪುವುದು’ ಎಂಬ ಪದಗಳಲ್ಲೇ ದಿನವಿಡೀ ಅದರ ಬಗ್ಗೆ ಮಾತಾಡಿದರೆ ಹೀಗೆ ಕೇಳುವ ಅಭ್ಯಾಸ ಬರದೆ ಇರುತ್ತದಾ?

ಇನ್ನೊಂದು ಕೇಸು ಕೆನಡಾದ್ದು, 2024ರದ್ದು. ಅಜ್ಜಿ ತೀರಿಕೊಂಡ ಒಬ್ಬ ಪ್ರಯಾಣಿಕ ಏರ್ ಕೆನಡಾ ಜಾಲತಾಣದ ಚಾಟ್‌ಬಾಟ್‌ನಲ್ಲಿ ವಿಚಾರಿಸಿದ. ಮನೆಯವರು ತೀರಿಕೊಂಡಾಗ ಕೊಡುವ ರಿಯಾಯಿತಿಗೆ ಟಿಕೆಟ್ ತೆಗೆದ ಮೇಲೂ ಅರ್ಜಿ ಹಾಕಬಹುದು ಅಂತ ಉತ್ತರ ಬಂತು. ಕಂಪನಿಯ ನಿಯಮ ಹಾಗಿರಲಿಲ್ಲ. ರಿಯಾಯಿತಿ ಸಿಗಲಿಲ್ಲ, ವಿಷಯ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಗೆ ಹೋಯಿತು. ಅಲ್ಲಿ ಕಂಪನಿಯ ವಾದ ಕೇಳಿದ ನ್ಯಾಯಮಂಡಳಿ ಬೆರಗಾಯಿತು. ಚಾಟ್‌ಬಾಟ್ ತನ್ನ ಕೆಲಸಕ್ಕೆ ತಾನೇ ಹೊಣೆಯಾಗಿರುವ ಬೇರೆ ಕಾನೂನು ವ್ಯಕ್ತಿ ಅಂದ ಹಾಗೆ ಇತ್ತಂತೆ ಆ ವಾದ! ನ್ಯಾಯಮಂಡಳಿ ಒಪ್ಪಲಿಲ್ಲ. ಜಾಲತಾಣ ನಿಮ್ಮದು, ಅದರಲ್ಲಿರುವುದಕ್ಕೆಲ್ಲ ಹೊಣೆ ನಿಮ್ಮದು ಅಂದಿತು. ಬಡ್ಡಿ, ಶುಲ್ಕ ಸೇರಿ ಸುಮಾರು 812 ಕೆನಡಾ ಡಾಲರ್ ಕೊಡಬೇಕಾಯಿತು. ಮೊತ್ತ ಸಣ್ಣದು. ಆದರೆ ನಮ್ಮ ಕೌಂಟರಿನ “ಸಿಸ್ಟಮ್ ತಗೊಳ್ತಾ ಇಲ್ಲ” ಎಂಬ ಮಾತು ಕೋಟು ಹಾಕಿಕೊಂಡು ನ್ಯಾಯಾಲಯಕ್ಕೆ ಹೋದರೆ ಹೀಗೇ ಕೇಳಿಸುತ್ತದೆ.

ಹಾಗಾದರೆ ಬರೆಯುವುದು ಹೇಗೆ? ಇಲ್ಲಿ ಕನ್ನಡದವರಿಗೆ ಒಂದು ಬಲೆ ಉಂಟು. ಮನುಷ್ಯರ ಭಾಷೆ ಬೇಡ ಅಂದ ಕೂಡಲೇ ನಾವು “ಲಾಗಿದೆ”ಗೆ ಓಡುತ್ತೇವೆ. “ಸಿಸ್ಟಮ್ ನಿಮ್ಮ ಅರ್ಜಿಯನ್ನು ಒಪ್ಪಲಿಲ್ಲ” ಎಂಬುದನ್ನು “ನಿಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ” ಅಂತ ತಿದ್ದುತ್ತೇವೆ. ಏನು ಲಾಭ? ಮೊದಲು ಸುಳ್ಳು ಕರ್ತೃ ಇತ್ತು, ಈಗ ಕರ್ತೃವೇ ಇಲ್ಲ. “ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ಹೊಸದನ್ನು ಸೇರಿಸಿ ಮತ್ತೆ ಕಳಿಸಿ” ಅಂತ ಬರೆಯಿರಿ. ನಿಯಮ ಇಲಾಖೆಯದ್ದಾದರೆ ಇಲಾಖೆಯ ಹೆಸರು ಹಾಕಿ.

ನಮ್ಮ ಹತ್ತಿರ ಇದಕ್ಕೆ ಒಳ್ಳೆಯ ಸಾಮಾನು ಇದೆ: “ಮಾಡಿದರೆ ಆಗುತ್ತದೆ” ಎಂಬ ವಾಕ್ಯ. ತೋಟದ ಪಂಪಿಗೆ ಹಾಕುವ ಡ್ರೈ ರನ್ ರಿಲೇ ಗೊತ್ತಲ್ಲ. “ಬಾವಿಯಲ್ಲಿ ನೀರಿಲ್ಲ ಅಂತ ಪಂಪಿಗೆ ಗೊತ್ತಾಗಿ ತಾನೇ ನಿಲ್ಲುತ್ತದೆ” ಅಂತ ಬರೆಯುವುದು ಬಹಳ ಸಲೀಸು. ನಿಜದಲ್ಲಿ ನೀರು ಎಳೆಯದೆ ಸುಮ್ನೆ ತಿರುಗುವ ಮೋಟಾರು ಕಡಿಮೆ ಕರೆಂಟು ಎಳೆಯುತ್ತದೆ. ರಿಲೇಯಲ್ಲಿ ಒಂದು ಕನಿಷ್ಠ ಮಟ್ಟ ಇಟ್ಟಿರುತ್ತಾರೆ. “ಮೋಟಾರಿನ ಕರೆಂಟು ಈ ಮಟ್ಟಕ್ಕಿಂತ ಕೆಳಗೆ ಇಳಿದರೆ ಪಂಪು ನಿಲ್ಲುತ್ತದೆ” ಅಂತ ಬರೆದು ನೋಡಿ. ಮೋಟಾರು ಬದಲಿಸಿದ ರೈತನಿಗೆ, ಅಲ್ವಾ, ಈ ಮಟ್ಟವನ್ನೂ ಬದಲಿಸಬೇಕಲ್ಲ ಅಂತ ತಾನಾಗಿಯೇ ಹೊಳೆಯುತ್ತದೆ. ‘ಗೊತ್ತಾಗಿ’ ಅಂತ ಇದ್ದರೆ ಹೊಳೆಯುವುದಿಲ್ಲ. ಗೊತ್ತಿರುವ ಪಂಪಿಗೆ ಯಾರು ಸೆಟ್ಟಿಂಗ್ ಹಾಕುತ್ತಾರೆ? ಮೋಟಾರು ಸುಟ್ಟ ಮೇಲೆ “ಈ ಸಲ ಅದಕ್ಕೆ ಗೊತ್ತಾಗಲಿಲ್ಲ” ಅನ್ನುತ್ತಾರೆ.

ಇಷ್ಟು ನನ್ನ ಮಾತು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಎರಡು.

ಪತ್ರಿಕೆಯಲ್ಲಿ ಕೆಲಸ ಮಾಡುವವರೊಬ್ಬರು ಕೇಳಿದರು: “ಸರ್, ನೀವು ಹೇಳಿದ ಹಾಗೆ ಬರೆದರೆ ಹೆಡ್‌ಲೈನ್ ಮೂರು ಸಾಲು ಆಗ್ತದೆ. ಜಾಗ ಎಲ್ಲಿ ಉಂಟು?”

ಜಾಗ ಇಲ್ಲ, ಒಪ್ಪಿದೆ. ಹೆಡ್‌ಲೈನ್‌ನಲ್ಲಿ “ಎಐ ಹೇಳಿದ್ದು” ಅಂತ ಹಾಕಿ, ಪರವಾಗಿಲ್ಲ. ಆದರೆ ಮೊದಲ ಪ್ಯಾರಾದಲ್ಲಿ ಅದನ್ನು ತಯಾರಿಸಿದ ಕಂಪನಿ ಯಾವುದು, ಬಳಸಿದವರು ಯಾರು ಅಂತ ಬರಲಿ. “ಎಐ 100 ಅರ್ಜಿ ತಿರಸ್ಕರಿಸಿತು” ಎಂಬ ಸುದ್ದಿ ಬಂದರೆ ಆ ಎಐ ಹಾಕಿಸಿಕೊಂಡ ಕಚೇರಿಗೆ ಒಂದು ಫೋನ್ ಮಾಡಿ.

ಸಹಕಾರಿ ಸಂಘವೊಂದಕ್ಕೆ ಚಾಟ್‌ಬಾಟ್ ಮಾಡುತ್ತಿರುವ ಹುಡುಗಿಯ ಪ್ರಶ್ನೆ ಇನ್ನೂ ಕಷ್ಟದ್ದು: “ನಮ್ಮ ಚಾಟ್‌ಬಾಟ್ ‘ನಾನು ನಿಮಗೆ ಸಹಾಯ ಮಾಡ್ತೇನೆ’ ಅಂತ ಶುರು ಮಾಡ್ತದೆ. ಒಂದು ಹೆಸರೂ ಇಟ್ಟಿದ್ದೇವೆ, ಹುಡುಗಿಯ ಚಿತ್ರವೂ ಉಂಟು. ಹಿರಿಯರಿಗೆ ಅದು ಇಷ್ಟ. ತೆಗೆದರೆ ಯಾರೂ ಬಳಸುವುದಿಲ್ಲ ಅಂತ ಸಂಘದವರು ಹೇಳ್ತಾರೆ.”

ಹೆಸರು ಬೇಕಾದರೆ ಇರಲಿ, ಅದರ ಮೇಲೆ ನನಗೆ ಹಟ ಇಲ್ಲ. ಚಿತ್ರ ತೆಗೆಯಿರಿ, ಅದು ಬೇಡ. “ನಾನು” ಬರುವ ಕಡೆಯೆಲ್ಲ ಅದನ್ನು ಬಿಟ್ಟರೂ ಕನ್ನಡದಲ್ಲಿ ವಾಕ್ಯ ನಿಲ್ಲುತ್ತದೆ: “ಸಾಲ, ಠೇವಣಿ, ಬಡ್ಡಿದರದ ಮಾಹಿತಿ ಇಲ್ಲಿ ಸಿಗುತ್ತದೆ.” ಅದರ ಕೆಳಗೆ ಇನ್ನೊಂದು ಸಾಲು: “ಇದು ಸಾಫ್ಟ್‌ವೇರ್, ಉತ್ತರ ತಪ್ಪಿರಬಹುದು, ಹಣ ಕಟ್ಟುವ ಮೊದಲು ಶಾಖೆಗೆ ಫೋನ್ ಮಾಡಿ.” ಫೋನ್ ನಂಬರ್ ದೊಡ್ಡ ಅಕ್ಷರದಲ್ಲಿ. ಆ ನಂಬರಿಗೆ ಕರೆ ಮಾಡಿದರೆ ಎತ್ತುವವರು ಯಾರು ಅಂತ ಸಂಘದವರ ಹತ್ತಿರ ಈಗಲೇ ಕೇಳಿ ಇಟ್ಟುಕೊಳ್ಳಿ.